ಹದಿನಾಲ್ಕು ದಿನದೊಳಗೆ ಗೋಡೆ ತೊಳೆಯತಕ್ಕದ್ದು

ಮಾರ್ಚ್ 3, ಸೋಮವಾರ

ಸಿಟ್ಟು ಬಂದಾಗ ಜನರ ಮೇಲೆ ಕೂಗಾಡುವ ಬದಲು ಬರೆದಿಡಿ, ರಕ್ತದೊತ್ತಡ ಇಳಿಯುತ್ತದೆ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಇಷ್ಟು ದಿನ ಈ ನೋಟ್‌ಬುಕ್ ಖಾಲಿ ಬಿದ್ದಿತ್ತು. ಇವತ್ತು ವಿಷಯ ಸಿಕ್ಕಿತು.

ನಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬಂದಿದೆ. "ನಿಮ್ಮ ಮನೆಯ ಉತ್ತರ ದಿಕ್ಕಿನ ಹೊರಗೋಡೆಯಲ್ಲಿ ಪಾಚಿ ಬೆಳೆದಿರುವುದು ಗಮನಕ್ಕೆ ಬಂದಿದೆ. ಹದಿನಾಲ್ಕು ದಿನದೊಳಗೆ ತೊಳೆಯತಕ್ಕದ್ದು." ಕೆಳಗೆ ಅಧ್ಯಕ್ಷ ಪ್ರೂಯಿಟ್‌ನ ಸಹಿ. ಆ ಮನುಷ್ಯ ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಅಂಗಿ ಒಳಗೆ ಸಿಕ್ಕಿಸಿದೆಯೋ ಇಲ್ಲವೋ ಎಂದು ನೋಡುತ್ತ ಕಳೆದವನು. ನಿವೃತ್ತನಾದ ಮೇಲೆ ಕೈ ಸುಮ್ಮನಿರುತ್ತಿಲ್ಲ.

ಲೂಸಿಯಾನಾದ ಈ ತುದಿಯಲ್ಲಿ ಪಾಚಿ ಹಿಡಿಯದ ಉತ್ತರದ ಗೋಡೆ ಯಾರದಿದೆ? ಬೆಳಿಗ್ಗೆ ಒಗೆದು ಹಾಕಿದ ಟವೆಲ್ ಸಂಜೆಗೂ ಒದ್ದೆ. ಚಪ್ಪಲಿ ಒಂದು ವಾರ ಹಾಕದೆ ಬಿಟ್ಟರೆ ಅದಕ್ಕೂ ಬೂಷ್ಟು. ಸುಮ್ಮನೆ ಕೂತರೆ ನನ್ನ ಗಂಡ ಅಲ್ಸೀಡ್‌ನ ಬೆನ್ನಿಗೂ ಬಂದೀತು.

ಸಂಘಕ್ಕೆ ತಾನಾಗಿ ಕಣ್ಣಿಲ್ಲ. ಯಾರಾದರೂ ಹಸಿರು ಚೀಟಿ ತುಂಬಿ ದೂರು ಕೊಟ್ಟರೇ ಅದು ಏಳುವುದು. ನಾನೂ ಆಗೀಗ ತುಂಬಿದ್ದೇನೆ, ನಾಯಿ ಬಗ್ಗೆ, ಅಂಗಳದಲ್ಲಿ ನಿಲ್ಲಿಸಿದ ದೋಣಿ ಬಗ್ಗೆ, ಕ್ರಿಸ್‌ಮಸ್ ದೀಪವನ್ನು ಫೆಬ್ರವರಿಯಲ್ಲೂ ತೆಗೆಯದವರ ಬಗ್ಗೆ. ಯಾರಾದರೂ ಹೇಳಬೇಕಲ್ಲ. ಆದರೆ ನನ್ನ ಗೋಡೆಯ ಬಗ್ಗೆ ಯಾರು?

ಬೀದಿಯಿಂದ ಆ ಗೋಡೆ ಕಾಣುವುದೇ ಇಲ್ಲ. ಅದು ಕಾಣುವುದು ಒಂದೇ ಜಾಗದಿಂದ: ಪಕ್ಕದ ಮನೆಯ ಯೂಲಾಳ ಅಡುಗೆಮನೆ ಕಿಟಕಿಯಿಂದ.

ಮಾರ್ಚ್ 5, ಬುಧವಾರ

ಇವತ್ತು ಈಸ್ಟರಿನ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ನೇರ ಯೂಲಾಳ ಮನೆಗೆ ಹೋದೆ. ಇಪ್ಪತ್ತೆರಡು ವರ್ಷದಿಂದ ಮಧ್ಯಾಹ್ನದ ಕಾಫಿ ಅವಳ ಅಡುಗೆಮನೆ ಮೇಜಿನ ಮೇಲೇ. ಅವಳಿಗೆ ಎಪ್ಪತ್ತೊಂದು, ನನಗೆ ಅರವತ್ತಾರು. ನನ್ನ ತಾಯಿ ಸತ್ತಾಗ ಹೆಣಕ್ಕೆ ಬಟ್ಟೆ ತೊಡಿಸಿದವಳು ಅವಳು. ಇವತ್ತು ಕಪ್ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದೆ.

"ಯೂಲಾ, ನಿನ್ನ ಕಿಟಕಿಯಿಂದ ನಮ್ಮ ಗೋಡೆ ಹೇಗೆ ಕಾಣತ್ತೆ?"

"ಗೋಡೆ ಥರಾನೇ ಕಾಣತ್ತೆ. ಯಾಕೆ?"

"ಹಸಿರಾಗಿ ಕಾಣಲ್ವಾ?"

"ಕಾಣತ್ತೆ. ನಂದೂ ಹಸಿರೇ. ಪೋಪ್ ಬಂದು ಈ ಊರಲ್ಲಿ ಮನೆ ಕಟ್ಟಿದ್ರೂ ಹಸಿರೇ." ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದಳು. "ಕಾಗದ ಬಂತಾ?"

ಕಾಗದ ಬಂತಾ ಎಂದು ಕೇಳಿದಳು! ನಾನು ಕಾಗದದ ಮಾತೇ ಎತ್ತಿರಲಿಲ್ಲ. ಬಂತು ಎಂದೆ. ಅವಳು ನನ್ನನ್ನೇ ನೋಡುತ್ತ ಏನನ್ನೋ ಕಾಯುವವಳ ಹಾಗೆ ಕೂತಳು. ಬಾಯಲ್ಲಿ ನಗು ಬೇರೆ. ನಾನು ಏನೂ ಹೇಳದಿದ್ದಾಗ ನಗು ಆರಿ ಹೋಯಿತು, ಎದ್ದು ಸಿಂಕಿನ ಕಡೆ ತಿರುಗಿದಳು.

ಇದಕ್ಕಿಂತ ಸಾಕ್ಷಿ ಬೇಕೇ? ಕಪ್ ಅರ್ಧಕ್ಕೇ ಬಿಟ್ಟು ಬಂದೆ.

ಮಾರ್ಚ್ 8, ಶನಿವಾರ

ಅಲ್ಸೀಡ್ ಉದ್ದ ಕೋಲಿನ ಬ್ರಷ್ಷು, ಒಂದು ಬಕೆಟ್ ಸೋಪು ನೀರು, ಅದಕ್ಕೆ ಒಂದಿಷ್ಟು ಬ್ಲೀಚ್ ಹಾಕಿಕೊಂಡು ಗೋಡೆ ಉಜ್ಜಿದ. ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ, ಮಗುವಿಗೆ ಎಣ್ಣೆ ತಿಕ್ಕುವ ಹಾಗೆ. ಎರಡು ಗಂಟೆಯಲ್ಲಿ ಮುಗಿಸಿ, "ಆಯ್ತು, ಇನ್ನು ಮುಂದಿನ ವರ್ಷ" ಎಂದು ಬಿಯರ್ ತೆರೆದ.

ಹತ್ತಿರ ಹೋಗಿ ನೋಡಿದೆ. ಗೋಡೆಗೆ ಹೊರಗಿಂದ ಹೊದಿಸಿದ ಪಟ್ಟಿಗಳ ಸಂದಿಯಲ್ಲಿ ಹಸಿರು ಹಾಗೇ ಇದೆ. "ಇದೇನು ತೊಳೆದದ್ದಾ?" ಎಂದೆ.

"ಅರ್ಲೀನ್, ಅದು ಗೋಡೆ. ಅದರಲ್ಲಿ ಊಟ ಮಾಡ್ತೀಯಾ?"

ಅವನ ತಮ್ಮನ ಮನೆಯಿಂದ ಪ್ರೆಶರ್ ವಾಷರ್ ತರಿಸಿದೆ. ಗುಂಡಿ ಒತ್ತಿದರೆ ನೀರು ಚಾಕುವಿನ ಹಾಗೆ ಹೊರಡುತ್ತದೆ. ಏಣಿ ಹತ್ತುವುದು ನನಗೆ ಆಗದು, ಆದ್ದರಿಂದ ಕೆಳಗೇ ನಿಂತು ಮೇಲಕ್ಕೆ ಹಿಡಿದೆ. ಪಾಚಿ ಹಾರಿ ಹಾರಿ ಹೋಯಿತು. ಅಷ್ಟು ಸುಖ ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ ಎಂದು ಬರೆಯಲು ನಾಚಿಕೆಯೇನಿಲ್ಲ. ಯೂಲಾಳ ಕಿಟಕಿಯ ಪರದೆ ಅಲುಗಾಡಿತು. ನೋಡಲಿ.

ಮಾರ್ಚ್ 20, ಗುರುವಾರ

ಸಂಘದ ಸಭೆಗೆ ಜಗಳ ಆಡಲೆಂದೇ ಹೋದೆ. ಕ್ಲಬ್ ಹೌಸಿನ ಒಳಗೆ ಹನ್ನೊಂದು ಜನ, ಒಂದು ಫ್ಯಾನು. ವರ್ಷಕ್ಕೆ ಎಷ್ಟು ಸಲ ಮನೆ ತೊಳೆಯಬೇಕೆಂಬ ಚರ್ಚೆ. ಪ್ರೂಯಿಟ್ ಈಸ್ಟರಿಗೊಂದು, ನವೆಂಬರಿನ ಥ್ಯಾಂಕ್ಸ್‌ಗಿವಿಂಗಿಗೊಂದು, ಎರಡು ಸಲ ಅಂದ. ಮೂಲೆಮನೆಯ ದೋಣಿಯವನು ಒಂದು ಸಲ ಸಾಕು, ಅದೂ ಮನಸ್ಸಿದ್ದರೆ ಅಂದ.

ನಾನು ಎದ್ದು ನಿಂತೆ. "ನನ್ನ ಮೇಲೆ ದೂರು ಕೊಟ್ಟೋರು ಯಾರು, ಅದನ್ನ ಮೊದಲು ಹೇಳಿ."

ಪ್ರೂಯಿಟ್ ಕನ್ನಡಕ ತೆಗೆದು ಒರೆಸಿಕೊಂಡ. "ಅದನ್ನ ಹೇಳೋ ಹಾಗಿಲ್ಲ ಮಿಸ್ ಅರ್ಲೀನ್. ನಿಮಗಂತೂ ಹೇಳೋ ಹಾಗೇ ಇಲ್ಲ."

ಮದುವೆಯಾದವರಿಗೂ ಇಲ್ಲಿ ಮರ್ಯಾದೆಗೆ ಮಿಸ್ ಅನ್ನುವುದು, ಆ ಮರ್ಯಾದೆಯ ಜೊತೆಗೇ ಎಲ್ಲರ ಮುಂದೆ ಅವಮಾನ. ಸರಿ, ಹಾಗಾದರೆ ಎಲ್ಲರ ಗೋಡೆಯನ್ನೂ ನೋಡಿ, ನನ್ನೊಬ್ಬಳದ್ದೇ ಏನು, ಪಕ್ಕದ ಮನೆ, ಅದರ ಪಕ್ಕದ ಮನೆ, ಒಂದನ್ನೂ ಬಿಡಬೇಡಿ, ನ್ಯಾಯ ಅಂದರೆ ಅದು ಎಂದು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಸಮಿತಿಯಲ್ಲಿ ಒಂದು ಸ್ಥಾನ ಖಾಲಿಯಿತ್ತು. "ಇಷ್ಟು ಕಾಳಜಿ ಇರೋರು ನೀವೇ ಬನ್ನಿ" ಅಂದರು. ಬಂದೆ. ಅವರಿಗೆ ಬುದ್ಧಿ ಕಲಿಸಲು ಮಾತ್ರ, ಎರಡು ತಿಂಗಳು ಇದ್ದು ಬಿಟ್ಟುಬಿಡುತ್ತೇನೆ.

ಏಪ್ರಿಲ್ 12, ಶನಿವಾರ

ಗೋಡೆ ನೋಡಲು ಒಂದು ಕ್ರಮ ಕಂಡುಹಿಡಿದಿದ್ದೇನೆ. ಬಿಳಿ ಪೇಪರ್ ಟವೆಲ್ ಒದ್ದೆ ಮಾಡಿ, ಭುಜದ ಎತ್ತರದಲ್ಲಿ ಒಂದು ಸಲ ಎಳೆಯುವುದು. ಟವೆಲ್ ಹಸಿರಾದರೆ ಕಾಗದ. ಪ್ರೂಯಿಟ್ ಇಷ್ಟು ವರ್ಷ ಕಾರಿನಲ್ಲಿ ಕೂತೇ ನೋಡುತ್ತಿದ್ದನಂತೆ. ಅದಕ್ಕೇ ಬೀದಿ ಈ ಗತಿಗೆ ಬಂದದ್ದು.

ಇವತ್ತು ಹದಿನೇಳು ಮನೆ ಮುಗಿಸಿದೆ. ಹದಿನಾಲ್ಕು ಕಾಗದ. ದೋಣಿಯವನು "ನಿಮಗೆ ಮೊಮ್ಮಕ್ಕಳಿಲ್ವಾ ಮಿಸ್ ಅರ್ಲೀನ್, ಹೋಗಿ ಆಡಿಸಬಾರ್ದಾ?" ಅಂದ. ಅವನಿಗೆ ಎರಡು ಕಾಗದ, ಗೋಡೆಗೊಂದು, ದೋಣಿಗೊಂದು.

ಯೂಲಾಳ ಮನೆ ಕೊನೆಗಿಟ್ಟುಕೊಂಡಿದ್ದೇನೆ. ಕಾಫಿಗೆ ಹೋಗುವುದು ಬಿಟ್ಟು ತಿಂಗಳಾಯಿತು. ಯಾಕೆಂದು ಅವಳಿಗೆ ಗೊತ್ತು. ಆ ಹೊತ್ತಿನಲ್ಲಿ ಈಗ ನಮ್ಮ ಗೋಡೆ ತೊಳೆಯುತ್ತೇನೆ, ಎರಡು ಶನಿವಾರಕ್ಕೊಮ್ಮೆ. ಸಮಿತಿಯವಳ ಗೋಡೆಯೇ ಹಸಿರಿದ್ದರೆ ಯಾರು ಮಾತು ಕೇಳುತ್ತಾರೆ?

ಮೇ 6, ಮಂಗಳವಾರ

ಯೂಲಾ ತಾನಾಗಿ ಬಂದಳು. ನಾನು ಕಾರು ನಿಲ್ಲಿಸುವ ಮಾಡಿನ ಕೆಳಗೆ ಪೈಪು ಸುತ್ತುತ್ತಿದ್ದೆ. ಏಪ್ರಿಲಿನಲ್ಲಿ ಅವಳ ಬಲ ಭುಜಕ್ಕೆ ಆಪರೇಷನ್ ಆಗಿದೆ, ತೋಳು ಪಟ್ಟಿಯಲ್ಲಿ ನೇತಾಡುತ್ತಿತ್ತು. ಅಲ್ಸೀಡ್ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದ. ನನಗೆ ಅವತ್ತು ಸಮಿತಿಯ ಕೆಲಸವಿತ್ತು.

"ಏನಾಯ್ತೇ ನಿಂಗೆ?" ಅಂದಳು.

"ಏನಾಯ್ತು ಅಂತ ನಿಂಗೇ ಗೊತ್ತು."

"ನಂಗೆ ಗೊತ್ತು. ನಿಂಗೆ ಗೊತ್ತಾ ಅಂತ ಕೇಳ್ತಿದೀನಿ."

ಒಗಟು ಬೇರೆ. "ಎದುರಿಗೆ ಬಂದು ಗೋಡೆ ತೊಳಿಯೇ ಅಂದಿದ್ರೆ ತೊಳೀತಿದ್ದೆ ಯೂಲಾ. ಬೆನ್ನ ಹಿಂದೆ ಚೀಟಿ ಬರೆದು ಹಾಕೋ ಬುದ್ಧಿ ಎಲ್ಲಿಂದ ಬಂತು?"

ಅವಳ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ, "ಇಪ್ಪತ್ತೆರಡು ವರ್ಷದಿಂದ ಪಾತ್ರೆ ತೊಳೀತಾ ನಿನ್ನ ಗೋಡೆ ನೋಡಿದೀನಿ. ದೀಪ ಉರೀತಿದ್ರೆ ಅರ್ಲೀನ್ ಮನೇಲಿದಾಳೆ ಅಂದ್ಕೊಳ್ತಿದ್ದೆ. ಅದರ ಬಣ್ಣ ಯಾವತ್ತೂ ನೋಡ್ಲಿಲ್ಲ" ಅಂದಳು.

ಚೆನ್ನಾಗಿ ಮಾತಾಡಲು ಬರುತ್ತದೆ ಅವಳಿಗೆ, ಮೊದಲಿನಿಂದಲೂ. ಪೈಪು ಸುತ್ತಿ ಒಳಗೆ ಬಂದೆ. ರಕ್ತದೊತ್ತಡದ ಮಾತ್ರೆ ತಗೊಂಡೆ.

ಮೇ 24, ಶನಿವಾರ

ಯೂಲಾಳ ಗೋಡೆಗೆ ಟವೆಲ್ ಎಳೆದೆ. ಪಾಲಕ್ ಸೊಪ್ಪು ಒರೆಸಿದ ಹಾಗೆ ಬಂತು. ಓಕ್ ಮರದ ನೆರಳು ಬೇರೆ, ಬಿಸಿಲು ಮುಟ್ಟುವುದೇ ಇಲ್ಲ. ಕಾಗದ ಬರೆದು ಅವಳ ಟಪಾಲು ಪೆಟ್ಟಿಗೆಗೆ ಹಾಕಿದೆ. ಹದಿನಾಲ್ಕು ದಿನ. ಎಲ್ಲರಿಗೂ ಒಂದೇ ನಿಯಮ.

ಸಂಜೆ ಅಲ್ಸೀಡ್, "ಒಂದು ಕೈಯಲ್ಲಿ ಅವಳು ಹೇಗೆ ತೊಳೀತಾಳೆ? ನಾನು ಹೋಗಿ ಉಜ್ಜಿ ಬರ್ತೀನಿ" ಅಂದ.

"ಸಮಿತಿಯವಳ ಗಂಡ ಹೋಗಿ ತೊಳೆದ್ರೆ ಪಕ್ಷಪಾತ ಅನ್ನಲ್ವಾ?"

"ಯಾರು ಅಂತಾರೆ?"

"ನಾನು ಅಂತೀನಿ."

ಅವನು ಮೀನು ಹಿಡಿಯುವ ಗಾಳಗಳನ್ನು ಪಿಕಪ್ಪಿಗೆ ಹಾಕಿಕೊಂಡು ಕೊಲ್ಲಿಯ ದಡದ ನಮ್ಮ ಗುಡಿಸಲಿಗೆ ಹೊರಟ. ಬುಧವಾರ ಬರುತ್ತಾನಂತೆ.

ಜೂನ್ 6, ಶುಕ್ರವಾರ

ಬುಧವಾರ ಬಂದ, ಬಟ್ಟೆ ಒಗೆಸಿಕೊಂಡ, ಮತ್ತೆ ಹೋದ. ಈಗ ಕೆಂಪು ಮೀನಿನ ಕಾಲವಂತೆ. ಜೂನಿನಲ್ಲಿ ಯಾವತ್ತಿನಿಂದ ಕೆಂಪು ಮೀನಿನ ಕಾಲ ಶುರುವಾಯಿತೋ.

ಯೂಲಾ ಸಮಿತಿಗೆ ಪತ್ರ ಬರೆದಿದ್ದಾಳೆ. ಭುಜ ವಾಸಿಯಾಗುವವರೆಗೆ, ಸೆಪ್ಟೆಂಬರಿನವರೆಗೆ ಸಮಯ ಕೊಡಿ ಎಂದು. ಪ್ರೂಯಿಟ್ ಕೊಡೋಣ ಅಂದ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು ಎಂದೆ. ಅವನು, "ಮಿಸ್ ಅರ್ಲೀನ್, ನಾನೇ ಕಠಿಣ ಅಂತ ಜನ ಅಂತಿದ್ರು" ಎಂದ. ಮೆಚ್ಚುಗೆ ಎಂದೇ ತಗೊಂಡೆ. ಸಮಯ ಕೊಡಲಿಲ್ಲ. ಇನ್ನು ಮೇಲೆ ವರ್ಷಕ್ಕೆ ನಾಲ್ಕು ಸಲ ತೊಳೆಯಬೇಕೆಂಬ ನನ್ನ ಠರಾವೂ ಪಾಸಾಯಿತು.

ಜೂನ್ 10, ಮಂಗಳವಾರ

ಗಡುವು ಮುಗಿದರೆ ಸಂಘವೇ ಆಳು ಕಳಿಸಿ ತೊಳೆಸುತ್ತದೆ, ಅದು ಮೊದಲಿನಿಂದ ಇರುವ ನಿಯಮ. ಇವತ್ತು ಯೂಲಾಳ ಮನೆಗೆ ಬಂದಿದ್ದ. ಸಮಿತಿಯ ಪರವಾಗಿ ಯಾರಾದರೂ ನಿಂತಿರಬೇಕಲ್ಲ, ನಾನು ನಿಂತೆ. ಓಕ್ ನೆರಳಿನ ಪಾಚಿ ಜಗ್ಗಲಿಲ್ಲ. ಬ್ಲೀಚ್ ಇನ್ನೂ ಗಟ್ಟಿ ಮಾಡು ಎಂದೆ. ಮಾಡಿದ. ಇನ್ನೂ ಗಟ್ಟಿ ಎಂದೆ.

ಯೂಲಾ ಒಳಗಿದ್ದಳು. ಒಂದು ಸಲವೂ ಹೊರಗೆ ಬರಲಿಲ್ಲ. ಗೋಡೆ ಈಗ ಮೊಟ್ಟೆಚಿಪ್ಪಿನಷ್ಟು ಬಿಳಿ.

ಜೂನ್ 17, ಮಂಗಳವಾರ

ಯೂಲಾಳ ಗೋಡೆ ಪಕ್ಕದ ಸತ್ಸುಮಾ ಕಿತ್ತಳೆ ಮರದ ಎಲೆಗಳೆಲ್ಲ ಉದುರಿವೆ. ಅವಳ ಗಂಡ ವಿಲ್ಮರ್ ಸಾಯುವ ಹಿಂದಿನ ವರ್ಷ ನೆಟ್ಟದ್ದು. ಡಿಸೆಂಬರ್ ಬಂದರೆ ನಮಗೂ ಒಂದು ಬುಟ್ಟಿ ಬರುತ್ತಿತ್ತು.

ಬ್ಲೀಚ್ ಹೊಡೆಯುವ ಮೊದಲು ಗಿಡಮರಕ್ಕೆ ಚೆನ್ನಾಗಿ ನೀರು ಹಿಡಿಯಬೇಕು, ಆಮೇಲೂ ಹಿಡಿಯಬೇಕು. ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಅಜೇಲಿಯಾ ಗಿಡಗಳಿಗೆ ನಾನು ಪ್ರತಿ ಸಲ ಹಿಡಿಯುತ್ತೇನೆ. ಅವನು ಹಿಡಿಯಲಿಲ್ಲ. ಅದು ಅವನ ಕೆಲಸ, ನನ್ನದಲ್ಲ. ನಾನು ಗೋಡೆ ನೋಡುತ್ತಿದ್ದೆ.

ಜೂನ್ 19, ಗುರುವಾರ

ಪೆಟ್ಟಿಗೆಯಲ್ಲಿ ಒಂದು ಲಕೋಟೆ. ಮೇಲೆ "ಮಿಸೆಸ್ ಫಾಂಟನೋ" ಎಂದು ಯೂಲಾಳ ಎಡಗೈ ಬರಹ. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದಿಲ್ಲ. ಒಳಗೆ ನಮ್ಮ ಮನೆಯ ಬೀಗದಕೈ. ಕಾಗದ ಇಲ್ಲ, ಏನೂ ಇಲ್ಲ.

ಚಂಡಮಾರುತದ ಊರಿನಲ್ಲಿ ಪಕ್ಕದ ಮನೆಯವರ ಬೀಗದಕೈ ಇಟ್ಟುಕೊಳ್ಳದವರಿಲ್ಲ. ಐದು ವರ್ಷದ ಹಿಂದಿನ ದೊಡ್ಡ ಗಾಳಿಯಲ್ಲಿ ಅಲ್ಸೀಡ್ ಕಾರ್ಖಾನೆಯಲ್ಲಿ ಸಿಕ್ಕಿಕೊಂಡಿದ್ದಾಗ ಯೂಲಾ ಅದೇ ಕೀಲಿಯಿಂದ ಬಾಗಿಲು ತೆಗೆದು ಬಂದು, ನನ್ನನ್ನು ಎಳೆದುಕೊಂಡು ಹೋಗಿ ತನ್ನ ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಮೇಲೆ ಹಾಸಿಗೆ ಎಳೆದುಕೊಂಡಳು. ಚಾವಣಿ ಹಾರುವ ಸದ್ದು ಕೇಳದಿರಲೆಂದು ಆರು ಗಂಟೆ ಜಪಮಣಿ ಪ್ರಾರ್ಥನೆ ಹೇಳಿಸಿದಳು, ತಪ್ಪಿದ ಕಡೆ ತಿದ್ದುತ್ತ.

ಅವಳ ಕೀಲಿ ನಮ್ಮ ಫ್ರಿಜ್ಜಿನ ಪಕ್ಕ ಮೊಳೆಗೆ ನೇತಾಡುತ್ತಿದೆ. ವಾಪಸ್ಸು ಕೊಡಬೇಕು. ನಾಳೆ ಕೊಡುತ್ತೇನೆ.

ಜೂನ್ 28, ಶನಿವಾರ

ಗೋಡೆ ತೊಳೆದೆ. ಕೀಲಿ ಇನ್ನೂ ಕೊಟ್ಟಿಲ್ಲ, ಪುರುಸೊತ್ತಾಗಲಿಲ್ಲ.

ಜುಲೈ 16, ಬುಧವಾರ

ಪ್ರೂಯಿಟ್‌ಗೆ ಕಣ್ಣಿನ ಆಪರೇಷನ್. ಕಡತದ ಕಪಾಟಿನ ಕೀಲಿ ನನ್ನ ಕೈಗೆ ಕೊಟ್ಟ. ಕೊಡುವಾಗ, "ಫೆಬ್ರವರಿ ಕಡತ ನೋಡದೇ ಇದ್ರೆ ಒಳ್ಳೇದು ಮಿಸ್ ಅರ್ಲೀನ್" ಅಂದ. ಹಾಗಂದ ಮೇಲೆ ಯಾರು ಬಿಡುತ್ತಾರೆ?

ನೇರ ಫೆಬ್ರವರಿ ತೆಗೆದೆ. ಒಂದೇ ಹಸಿರು ಚೀಟಿ.

"ಮೂಲೆಮನೆಯ ಗೋಡೆ ನೋಡಲಾಗುತ್ತಿಲ್ಲ. ಅದೊಂದೇ ಅಲ್ಲ, ಈ ಬೀದಿಯ ಉತ್ತರದ ಗೋಡೆಗಳನ್ನೆಲ್ಲ ಸಮಿತಿಯವರು ಒಮ್ಮೆ ನಡೆದು ಬಂದು ನೋಡಬೇಕು. ನಿದ್ದೆ ಮಾಡುತ್ತಿದ್ದೀರಾ?" ಕೆಳಗೆ ಸಹಿ, ಅರ್ಲೀನ್ ಫಾಂಟನೋ. ತಾರೀಖು ಫೆಬ್ರವರಿ 11.

ಅಂಚಿನಲ್ಲಿ ಪ್ರೂಯಿಟ್‌ನ ಪೆನ್ಸಿಲ್: "ನಡೆದು ನೋಡಿದೆ. ಎಲ್ಲಕ್ಕಿಂತ ಹೆಚ್ಚು ಪಾಚಿ ದೂರು ಕೊಟ್ಟವರದ್ದೇ."

ನಾನು ಬೀದಿಯ ಬಗ್ಗೆ ಬರೆದದ್ದು. ನನ್ನ ಮನೆ ಎಂದು ಬರೆದಿಲ್ಲ. ಎರಡೂ ಬೇರೆ ವಿಷಯ. ಚೀಟಿಯನ್ನು ಮೊದಲಿದ್ದ ಹಾಗೇ ಇಟ್ಟು ಕಪಾಟಿಗೆ ಬೀಗ ಹಾಕಿದೆ.

ಜುಲೈ 17

ಎರಡೂ ಬೇರೆ ವಿಷಯವೇ.

ಜುಲೈ 26, ಶನಿವಾರ

ತೊಳೆದೆ. ಒಂದೇ ಗೋಡೆಗೆ ಮೂರು ಗಂಟೆ.

ಆಗಸ್ಟ್ 9, ಶನಿವಾರ

ತೊಳೆದೆ. ಅಲ್ಸೀಡ್ ಫೋನ್ ಮಾಡಿ, ಬಾ, ಇಲ್ಲಿ ಗಾಳಿ ಚೆನ್ನಾಗಿದೆ, ಏಡಿ ಬೇಯಿಸುತ್ತೇನೆ ಅಂದ. ಇವತ್ತು ಶನಿವಾರ, ಗೋಡೆ ಇದೆ ಎಂದೆ. ನಾನೇ ಫೋನ್ ಇಟ್ಟೆ.

ಆಗಸ್ಟ್ 20, ಬುಧವಾರ

ಉತ್ತರದ ಕೋಣೆಯ ಕಪಾಟಿನಿಂದ ಬಿಸಿಲಿಗೆ ಹಾಕಲೆಂದು ಚಳಿಗಾಲದ ಕೋಟು ತೆಗೆಯಲು ಹೋದರೆ ಅದರ ಬೆನ್ನಿಗೆ ಕಪ್ಪು ಬೂಷ್ಟು. ಅದರ ಹಿಂದಿನ ಗೋಡೆ ಮುಟ್ಟಿದೆ, ಬೆರಳು ಒಳಗೆ ಹೋಯಿತು. ಒದ್ದೆ ಬ್ರೆಡ್ಡಿನ ಹಾಗೆ.

ಆಗಸ್ಟ್ 25, ಸೋಮವಾರ

ಬಡಗಿ ಡೂಗಾ ಬಂದ. ನನ್ನ ತಂದೆಯ ಕಾಲದಿಂದ ಈ ಊರಿನ ಮನೆ ರಿಪೇರಿ ಮಾಡುವವನು. ಒಳಗೋಡೆ ಕೊರೆದು ಟಾರ್ಚ್ ಹಾಕಿ ನೋಡಿದ, ನೆಲದಿಂದ ಮಾಡಿನವರೆಗೆ ಕಪ್ಪು. ಒಳಗಿನ ಮರದ ಕಂಬಗಳು ಉಗುರಿನಲ್ಲಿ ಕೆರೆದರೂ ಪುಡಿಯಾಗಿ ಬರುತ್ತವೆ. ಅವನು ಹೊರಗೆ ಹೋಗಿ ಗೋಡೆ ನೋಡಿ ಒಳಗೆ ಬಂದ.

"ಇಷ್ಟು ಬಿಳಿ ಗೋಡೆ ನಾನು ಈ ಊರಲ್ಲಿ ನೋಡಿಲ್ಲ ಮಿಸ್ ಅರ್ಲೀನ್. ಮಷಿನ್ನಲ್ಲಿ ತೊಳೀತೀರಾ?"

"ಹೌದು."

"ಕೆಳಗೆ ನಿಂತು ಮೇಲಕ್ಕೆ ಹಿಡೀತೀರಾ?"

"ಏಣಿ ಹತ್ತಕ್ಕೆ ಆಗಲ್ಲ ನಂಗೆ."

"ಈ ಪಟ್ಟಿಗಳು ಒಂದರ ಮೇಲೊಂದು ಕೂತಿರೋದು, ಮೀನಿನ ಮೈ ಮೇಲಿನ ಹುರುಪೆ ಥರ. ಮೇಲಿಂದ ಬಿದ್ದ ನೀರು ಜಾರಿ ಹೋಗತ್ತೆ. ಕೆಳಗಿಂದ ಹೊಡೆದ್ರೆ ಸಂದೀಲಿ ನುಗ್ಗತ್ತೆ, ಒಳಗೇ ನಿಲ್ಲತ್ತೆ. ಎಷ್ಟು ದಿನಕ್ಕೊಂದ್ಸಲ?"

"ಎರಡು ಶನಿವಾರಕ್ಕೊಂದ್ಸಲ."

ಅವನು ಟಾರ್ಚ್ ಆರಿಸಿದ. "ವರ್ಷಕ್ಕೊಂದ್ಸಲ, ಬ್ರಷ್ಷಲ್ಲಿ, ಮೇಲಿಂದ. ಮರದ ನೆರಳಿದ್ರೆ ಎರಡು ಸಲ. ನಡುವೆ ಒಣಗಕ್ಕೆ ಬಿಡಬೇಕಮ್ಮ. ಪಾಚಿ ಗೋಡೆ ತಿನ್ನಲ್ಲ. ನೀರು ತಿನ್ನತ್ತೆ."

ಇಡೀ ಬದಿ ಬಿಚ್ಚಬೇಕಂತೆ. ಬೂಷ್ಟಿನ ಗಾಳಿ ಕುಡಿಯುತ್ತ ಒಳಗಿರಬೇಡಿ, ಬೇರೆಲ್ಲಾದರೂ ಇರಿ ಅಂದ. ಪಕ್ಕದ ಮನೆ ಮಿಸ್ ಯೂಲಾ ಇದ್ದಾರಲ್ಲ ಎಂದೂ ಅಂದ. ಅವನಿಗೇನು ಗೊತ್ತು.

ಆಗಸ್ಟ್ 26, ಮಂಗಳವಾರ

ಅಲ್ಸೀಡ್ ಬಂದು ನನ್ನನ್ನು ಗುಡಿಸಲಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಮಾತಿನಲ್ಲೂ ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ಜಗಳವಾದರೂ ಆಡಬಹುದಿತ್ತು.

ಸೆಪ್ಟೆಂಬರ್ 11, ಗುರುವಾರ

ಇಲ್ಲಿ ಕಂಬದ ಮೇಲಿನ ಹಲಗೆ ಗೋಡೆಗಳು, ಹಸಿರೋ ಕಪ್ಪೋ ಹೇಳಲಾಗದ ಬಣ್ಣ. ಮೂವತ್ತು ವರ್ಷದಿಂದ ಯಾರೂ ತೊಳೆದಿಲ್ಲ, ಗಟ್ಟಿಯಾಗಿ ನಿಂತಿವೆ. ಮೊದಲ ದಿನ ಟವೆಲ್ ಹಿಡಿದುಕೊಂಡು ಹೋದೆ. ಅಲ್ಸೀಡ್ ನೋಡಿದ. ಟವೆಲ್ಲಿನಿಂದ ಮೇಜು ಒರೆಸಿದೆ.

ಮಧ್ಯಾಹ್ನ ಕಾಫಿ ಮಾಡಿದರೆ ಎರಡು ಕಪ್ ಸುರಿಯುತ್ತೇನೆ. ಅವನು ಆ ಹೊತ್ತಿಗೆ ನೀರಿನ ಮೇಲಿರುತ್ತಾನೆ. ಎರಡನ್ನೂ ನಾನೇ ಕುಡಿಯುತ್ತೇನೆ, ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಇವತ್ತು ಸಿಗಡಿ ಸುಲಿಯುತ್ತ ಅಲ್ಸೀಡ್‌ಗೆ ಚೀಟಿಯ ವಿಷಯ ಹೇಳಿದೆ. ಅವನು ಸುಲಿಯುವುದು ನಿಲ್ಲಿಸಲಿಲ್ಲ.

"ಯೂಲಾಗೆ ಹೇಳಿದೆಯಾ?"

"ಇಲ್ಲ."

"ಜುಲೈಯಿಂದ ಗೊತ್ತಿದ್ದೂ?"

"ಹೇಳಿದ್ರೆ ಮರ ಚಿಗುರತ್ತಾ?"

"ಮರದ ಮಾತಾಡ್ತಿಲ್ಲ ನಾನು" ಎಂದ. ಆಮೇಲೆ ಕೈ ತೊಳೆದುಕೊಂಡು ದೋಣಿ ಕಡೆ ಹೋದ. ಬಿಟ್ಟು ಹೋದ ಸಿಗಡಿಯೆಲ್ಲ ನಾನೇ ಸುಲಿದೆ. ನನಗೆ ನನ್ನ ಮೇಲೇ ಅಸಹ್ಯ ಬಂತು. ಬರೆದಿದ್ದೇನೆ, ಡಾಕ್ಟರು ನೋಡಲಿ ಬೇಕಾದರೆ.

ಅಕ್ಟೋಬರ್ 2, ಗುರುವಾರ

ಊರಿಗೆ ಬಂದು ಸಮಿತಿಗೆ ರಾಜೀನಾಮೆ ಕೊಟ್ಟೆ. ಪ್ರೂಯಿಟ್ ಕಪಾಟಿನ ಕೀಲಿ ತಗೊಂಡ. ಆ ಚೀಟಿ ಎರವಲು ಬೇಕು ಎಂದೆ. ಯಾಕೆಂದು ಕೇಳದೆ ತೆಗೆದು ಕೊಟ್ಟ. ಅವನು ಅಷ್ಟೇನೂ ಕೆಟ್ಟವನಲ್ಲ, ಶಾಲೆಯ ಚಾಳಿ ಅಷ್ಟೇ.

ಅಕ್ಟೋಬರ್ 4, ಶನಿವಾರ

ಯೂಲಾಳ ಮನೆಗೆ ಹೋದೆ. ಏಳು ತಿಂಗಳ ಮೇಲೆ. ಎಂದೂ ಬಾಗಿಲು ತಟ್ಟಿದವಳಲ್ಲ ನಾನು, ತಳ್ಳಿಕೊಂಡೇ ಹೋಗುತ್ತಿದ್ದೆ. ಇವತ್ತು ತಟ್ಟಿದೆ. ಅವಳು ಅರ್ಧ ಬಾಗಿಲು ತೆರೆದು ನಿಂತಳು. ತೋಳಿನ ಪಟ್ಟಿ ಬಿಚ್ಚಿದ್ದಾರೆ, ಆದರೆ ಚಿಲಕಕ್ಕೆ ಹೋದದ್ದು ಎಡಗೈ.

"ಇದನ್ನ ಓದು" ಎಂದು ಚೀಟಿ ಚಾಚಿದೆ.

ಅವಳು ತಗೊಳ್ಳಲಿಲ್ಲ. "ಓದೋದೇನಿದೆ? ನನ್ನ ಮೇಜಿನ ಮೇಲೇ ಬರೆದದ್ದು. ಪೆನ್ನೂ ನಂದೇ."

ಅವಳು ಹೇಳುತ್ತ ಹೋದಂತೆ ನನಗೂ ಕಾಣತೊಡಗಿತು: ಮೇಜು, ಕಾಫಿ, ಹೊರಗೆ ಮಳೆ, ಅವಳ ನೀಲಿ ಪೆನ್ನು.

"ಬೇಡ ಕಣೇ, ಬೇರೆಯವರ ಗೋಡೆ ಉಸಾಬರಿ ನಮಗ್ಯಾಕೆ ಅಂತ ನಾನಂದೆ. ನೀನು, ಯಾರಾದ್ರೂ ಹೇಳಬೇಕಲ್ಲ ಅಂತ ಬರೆದೆ. ಇನ್ನೊಂದು ಕಪ್ ಕುಡಿದು ಹೋದೆ. ಕಾಗದ ನಿಂಗೇ ಬಂತು ಅಂದಾಗ ನಗು ಬಂತು ನಂಗೆ, ಇಬ್ಬರೂ ಸೇರಿ ನಗಬಹುದು ಅಂದ್ಕೊಂಡೆ. ನಿಂಗೆ ನೆನಪೇ ಇರಲಿಲ್ಲ."

"ಮೇ ತಿಂಗಳಲ್ಲಾದ್ರೂ ಹೇಳಬಹುದಿತ್ತಲ್ಲ ಯೂಲಾ. ಒಂದು ಮಾತು."

"ಯಾಕೆ ಹೇಳ್ಬೇಕು? ಪೊಲೀಸರ ಮುಂದೆ ನಿಂತ ಹಾಗೆ ನಿನ್ನ ಮುಂದೆ ನಿಂತು, ನಾನಲ್ಲ, ನೋಡು ಸಾಕ್ಷಿ, ಅನ್ಬೇಕಿತ್ತಾ? ನಾನು ಅಂಥವಳಲ್ಲ ಅಂತ ಸಾಕ್ಷಿ ಇಲ್ದೆ ನಿಂಗೆ ಗೊತ್ತಿರಬೇಕಿತ್ತು. ಅಷ್ಟೇ ನಂಗೆ ಬೇಕಿದ್ದದ್ದು."

ಮರದ ವಿಷಯ ಹೇಳಿದೆ. ಬ್ಲೀಚ್ ಗಟ್ಟಿ ಮಾಡಿಸಿದವಳು ನಾನೇ, ಮೊದಲು ನೀರು ಹಿಡಿಯಬೇಕೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದು.

"ನೋಡಿದೆ. ಕಿಟಕಿ ಇದೆಯಲ್ಲ."

"ತಪ್ಪಾಯ್ತು, ಯೂಲಾ."

ಈ ಮಾತು ನಾನು ಗಂಡನಿಗೂ ಹೇಳಿದವಳಲ್ಲ. ಅವಳು ತಲೆ ಆಡಿಸಿದಳು.

"ಕೇಳಿಸ್ತು."

"ಅಷ್ಟೇನಾ?"

"ಇವತ್ತಿಗೆ ಅಷ್ಟೇ. ನಂಗೆ ಗಡುವು ಹಾಕಬೇಡ ಅರ್ಲೀನ್. ಈ ಸಿಟ್ಟು ಹೋದರೆ ಹೋಗತ್ತೆ, ಹೋಗದಿದ್ರೆ ಇಲ್ಲ. ಬಾಗಿಲು ನಾನೇ ತೆಗೀತೀನಿ, ತೆಗೆಯೋದಾದ್ರೆ."

ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು, ಅದೇ ಹೆಚ್ಚು ನೋಯಿತು. ಬರುವಾಗ ಅವಳ ಗೋಡೆ ನೋಡಿದೆ. ನಾಲ್ಕು ತಿಂಗಳಿಗೆ ಮತ್ತೆ ಪೂರ್ತಿ ಹಸಿರಾಗಿದೆ. ಇರಲಿ.

ಅಕ್ಟೋಬರ್ 18, ಶನಿವಾರ

ಗೋಡೆ ಕೆಲಸ ನೋಡಲು ಮನೆಗೆ ಬಂದೆ, ಯೂಲಾಳ ಕೀಲಿ ಇನ್ನೂ ನಮ್ಮ ಮೊಳೆಗೇ ನೇತಾಡುತ್ತಿದೆ. ಅವಳ ಬಾಗಿಲು ಮುಚ್ಚೇ ಇದೆ. ನಾನು ತಟ್ಟಲಿಲ್ಲ.